ಮಾಜಾಳಿ ದಾಟಿ ಬಂದ ಕಾರಿಗೆ ಎಷ್ಟು ಸಲ ತೆರಿಗೆ?

ಗೆ,
ಮಾನ್ಯ ಸಾರಿಗೆ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು

ಪ್ರತಿ: ಸಾರಿಗೆ ಆಯುಕ್ತರು; ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರು; ನಮ್ಮ ಕ್ಷೇತ್ರದ ಶಾಸಕರು ಮತ್ತು ಸಂಸದರು; ಗೋವಾ ಸರ್ಕಾರದ ಸಾರಿಗೆ ಸಚಿವರು

ವಿಷಯ: ಗೋವಾದಿಂದ ಹಳೆಯ ಕಾರು ತರುವ ಗಡಿ ತಾಲ್ಲೂಕುಗಳ ಜನರ ಮೇಲೆ ಬೀಳುತ್ತಿರುವ ಎರಡೆರಡು ತೆರಿಗೆಯ ಬಗ್ಗೆ

ಮಾನ್ಯರೇ,

ಕಾರವಾರದಿಂದ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಮಡಗಾಂವಿಗೆ ಎಪ್ಪತ್ತರ ಆಸುಪಾಸು. ಗೋವಾ ಗಡಿಯಂತೂ ಹದಿನೈದು ಕಿಲೋಮೀಟರಿನೊಳಗೇ ಬರುತ್ತದೆ. ಕೋಡಿಬಾಗ ಕಳೆದು ಕಾಳಿ ಸೇತುವೆ ಏರಿ, ಸದಾಶಿವಗಡ, ಚಿತ್ತಾಕುಲ, ಮಾಜಾಳಿ ಮುಗಿಯಿತೆಂದರೆ ಪೋಳೆಂ ಬಂದೇಬಿಟ್ಟಿತು. ನಮ್ಮ ಹಬ್ಬುವಾಡದ ಹುಡುಗರು ಕೆಲಸಕ್ಕೆಂದು ಹೋಗುವುದು ವೆರ್ಣಾದ ಕಾರ್ಖಾನೆಗಳಿಗೆ. ದೊಡ್ಡ ಕಾಯಿಲೆ ಬಂದರೆ ಇಲ್ಲಿಯ ಆಂಬುಲೆನ್ಸ್ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ದಾರಿ ಹಿಡಿಯುತ್ತದೆ. ಅರ್ಧ ಊರಿನ ಕುಲದೇವರು ಇರುವುದು ಮಂಗೇಶಿ, ಕವಳೆಗಳಲ್ಲಿ. ಹೆಣ್ಣು ಕೊಡುವುದು, ತರುವುದು ಕಾಣಕೋಣದ ಜೊತೆ. ಆದ್ದರಿಂದ ಹಳೆಯ ಕಾರೊಂದನ್ನು ಕೊಳ್ಳಬೇಕೆಂದಾಗ ನಾವು ಹುಬ್ಬಳ್ಳಿಯತ್ತ ನೋಡುವ ಮೊದಲು ಮಡಗಾಂವಿನತ್ತ ನೋಡುತ್ತೇವೆ. ಅದರಲ್ಲಿ ಯಾವ ಜಾಣತನವೂ ಇಲ್ಲ, ತೆರಿಗೆ ಕದಿಯುವ ಹಂಚಿಕೆಯೂ ಇಲ್ಲ. ನಮ್ಮ ಪೇಟೆ ಅದು.

ನಾನು ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತನಾದವನು. ಸೋದರಮಾವನ ಮಗ ಕಾಣಕೋಣದಲ್ಲಿದ್ದಾನೆ. ಅವನು ಹೊಸ ಕಾರು ತೆಗೆದುಕೊಂಡಾಗ ಹಳೆಯದನ್ನು ನನಗೆ ಕೊಟ್ಟ. ಗಾಡಿ ಚೆನ್ನಾಗಿದೆ. ಕಡಲ ಉಪ್ಪುಗಾಳಿಗೆ ಅಡಿಭಾಗದಲ್ಲಿ ಅಷ್ಟಿಷ್ಟು ತುಕ್ಕು ಇದೆ, ಅದು ಈ ಕರಾವಳಿಯಲ್ಲಿ ಯಾರ ಕಾರಿಗಿಲ್ಲ? ಬೆಲೆಯ ಮಾತು ಒಂದು ಊಟದ ಹೊತ್ತಿನಲ್ಲಿ ಮುಗಿಯಿತು. ಕಾಗದದ ಮಾತು ಮುಗಿಯಲಿಲ್ಲ. ಆ ಅನುಭವ ನನ್ನೊಬ್ಬನದಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಕಾರವಾರ, ಅಂಕೋಲಾ ತಾಲ್ಲೂಕುಗಳಲ್ಲಿ 'ಜಿಎ' ನಂಬರಿನ ಕಾರು ಇಟ್ಟುಕೊಂಡ ಯಾರನ್ನೇ ಕೇಳಿ, ಇದೇ ಕಥೆಯನ್ನು ಬೇರೆ ಬೇರೆ ಬೈಗುಳಗಳೊಂದಿಗೆ ಹೇಳುತ್ತಾರೆ.

ಮೊದಲು ತೆರಿಗೆಯ ಲೆಕ್ಕ. ನಮ್ಮ ರಾಜ್ಯದಲ್ಲಿ 1957ರ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ ಸ್ವಂತ ಕಾರಿಗೆ ಜೀವಾವಧಿ ತೆರಿಗೆ, ಅಂದರೆ ಜನರ ಬಾಯಲ್ಲಿ 'ಲೈಫ್ ಟ್ಯಾಕ್ಸ್'. ದೇಶದಲ್ಲೇ ಅತಿ ಹೆಚ್ಚು ಎನ್ನುವ ದರಗಳ ಸಾಲಿನಲ್ಲಿ ನಮ್ಮದೂ ಇದೆ. ಪೆಟ್ರೋಲ್ ಅಥವಾ ಡೀಸೆಲ್ ಕಾರಿನ ಬೆಲೆ 5 ಲಕ್ಷದೊಳಗಿದ್ದರೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರಾಚೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಹೊಸದಿದ್ದಾಗ 8 ಲಕ್ಷ ಬೆಲೆಯಿದ್ದ ಒಂದು ಕಾರನ್ನು ಉದಾಹರಣೆಗೆ ತೆಗೆದುಕೊಳ್ಳಿ. ತೆರಿಗೆ 1,12,000 ರೂಪಾಯಿ, ಸೆಸ್ 12,320 ರೂಪಾಯಿ, ಒಟ್ಟು 1,24,320. ಹೊರರಾಜ್ಯದಿಂದ ತಂದ ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ಇದರಲ್ಲಿ ಒಂದಿಷ್ಟು ಕಡಿತ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಆರೇಳು ವರ್ಷದ ಕಾರಿಗೂ ಪೂರ್ತಿ ತೆರಿಗೆಯ ಅರ್ಧಕ್ಕಿಂತ ಹೆಚ್ಚನ್ನೇ ಕಟ್ಟಬೇಕು. ಲೆಕ್ಕ ಮುಕ್ಕಾಲು ಲಕ್ಷದ ಆಜುಬಾಜು ಬಂದು ನಿಲ್ಲುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ತೆರಿಗೆಗೆ ಆಧಾರವಾಗುವುದು ಕಾರು ಹೊಸದಿದ್ದಾಗಿನ ಬೆಲೆ. ಈಗ ಅದೇ ಕಾರನ್ನು ಕೊಳ್ಳುವವನು ಕೊಟ್ಟದ್ದು 3 ಲಕ್ಷ ಎಂದಿಟ್ಟುಕೊಳ್ಳಿ. ಮುಕ್ಕಾಲು ಲಕ್ಷವೆಂದರೆ ಅವನು ಕೊಟ್ಟ ಬೆಲೆಯ ಕಾಲು ಭಾಗ. ಹೊಸ ಕಾರು ಕೊಳ್ಳುವ ಉಳ್ಳವರು ಬೆಲೆಯ ಆರನೇ ಒಂದು ಭಾಗದಷ್ಟು ತೆರಿಗೆ ಕಟ್ಟಿದರೆ, ಹಳೆಯದಕ್ಕೆ ಕೈಹಾಕುವ ನಮ್ಮಂಥವರು ನಾಲ್ಕನೇ ಒಂದು ಭಾಗ ಕಟ್ಟಬೇಕು. ಇದನ್ನು ಯಾವ ಬಜೆಟ್ ಭಾಷಣದಲ್ಲೂ ಯಾರೂ ಹೇಳುವುದಿಲ್ಲ, ಬಹುಶಃ ಯಾರೂ ಹೀಗೆ ಭಾಗಿಸಿ ನೋಡಿಲ್ಲ.

ಇಷ್ಟೆಲ್ಲ ಆಗುವಾಗ ಅದೇ ಕಾರಿಗೆ ಮೊದಲ ಮಾಲೀಕ ಗೋವಾದಲ್ಲಿ ರಸ್ತೆ ತೆರಿಗೆ ಕಟ್ಟಿಯೇ ಇದ್ದಾನೆ. ಅದು ಆ ವರ್ಷಕ್ಕಷ್ಟೇ ಕಟ್ಟಿದ ಹಣವಲ್ಲ, ಮುಂದಿನ ವರ್ಷಗಳಿಗೂ ಸೇರಿಸಿ ಒಂದೇ ಕಂತಿನಲ್ಲಿ ಕೊಟ್ಟದ್ದು. ಕಾರು ಮಾಜಾಳಿ ದಾಟಿದ ದಿನ ಆ ಉಳಿದ ವರ್ಷಗಳ ತೆರಿಗೆ ಎಲ್ಲಿಗೆ ಹೋಯಿತು? ಅಲ್ಲಿನ ಖಜಾನೆಯಲ್ಲೇ ಇದೆ. ಇಲ್ಲಿನ ಖಜಾನೆ ಅದೇ ವರ್ಷಗಳಿಗೆ ಮತ್ತೊಮ್ಮೆ ಕೇಳುತ್ತದೆ. ವಾಹನ ತೆರಿಗೆ ರಸ್ತೆ ಬಳಕೆಗೆ ತೆರುವ ಪರಿಹಾರದ ಸ್ವರೂಪದ್ದು ಎಂದು ಸುಪ್ರೀಂ ಕೋರ್ಟೇ ಹಿಂದೆ ಹೇಳಿದೆ. ಒಂದು ಕಾರು ಒಂದೇ ಹೊತ್ತಿಗೆ ಎರಡು ರಾಜ್ಯದ ರಸ್ತೆಯಲ್ಲಿ ಓಡುವ ವಿದ್ಯೆಯನ್ನು ಇನ್ನೂ ಯಾವ ಕಂಪನಿಯೂ ಕಂಡುಹಿಡಿದಿಲ್ಲ.

"ಮರುಪಾವತಿಗೆ ಅವಕಾಶ ಇದೆಯಲ್ಲ" ಎಂದು ಕಚೇರಿಯವರು ಹೇಳುತ್ತಾರೆ. ಹೌದು, ಪುಸ್ತಕದಲ್ಲಿದೆ. ನಮ್ಮ ರಾಜ್ಯದಿಂದ ಹೊರಹೋಗುವ ವಾಹನಕ್ಕೂ ಉಳಿದ ಅವಧಿಯ ತೆರಿಗೆ ವಾಪಸು ಕೊಡುವ ಕಲಂ ಕಾಯ್ದೆಯಲ್ಲಿದೆ. ಆದರೆ ಕ್ರಮ ಹೇಗಿದೆ ನೋಡಿ. ಮೊದಲು ಹೊಸ ರಾಜ್ಯದಲ್ಲಿ ತೆರಿಗೆ ಕಟ್ಟಿ, ಹೊಸ ನಂಬರ್ ಪಡೆದು, ಅದರ ಪುರಾವೆಯೊಂದಿಗೆ ಹಳೆಯ ರಾಜ್ಯಕ್ಕೆ ಅರ್ಜಿ ಹಾಕಬೇಕು. ಹಣ ಕಟ್ಟಿದವನು ಹಳೆಯ ಮಾಲೀಕ. ಅಲೆಯಬೇಕಾದವನು ಹೊಸ ಮಾಲೀಕ. ಮಾರಿ ಕೈತೊಳೆದುಕೊಂಡವನಿಗೆ ಅರ್ಜಿಗೆ ಸಹಿ ಹಾಕುವ ಉಮೇದು ಎಷ್ಟಿರುತ್ತದೆ? ನನ್ನ ಮಾವನ ಮಗನಾದ್ದರಿಂದ ಫೋನು ಎತ್ತುತ್ತಾನೆ. ಮಡಗಾಂವಿನ ಅಂಗಡಿಯಿಂದ ಅಪರಿಚಿತರ ಗಾಡಿ ತಂದವರು ಆ ಹಣದ ಆಸೆಯನ್ನು ಮೊದಲ ದಿನವೇ ಬಿಟ್ಟಿರುತ್ತಾರೆ.

ಕಾಗದಗಳ ವಿಷಯಕ್ಕೆ ಬರುತ್ತೇನೆ. 1988ರ ಮೋಟಾರು ವಾಹನ ಕಾಯ್ದೆ ಓದಲು ಸರಳವಾಗಿಯೇ ಇದೆ. ಕಲಂ 46ರ ಪ್ರಕಾರ ಒಂದು ರಾಜ್ಯದ ನೋಂದಣಿ ಇಡೀ ದೇಶಕ್ಕೆ ಸಿಂಧು. ಕಲಂ 47: ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಹನ ಇಟ್ಟರೆ ಅಲ್ಲಿನ ನಂಬರ್ ಪಡೆಯಬೇಕು. ಕಲಂ 48: ಅದಕ್ಕೆ ಹಳೆಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ. ಕಲಂ 50: ಮಾಲೀಕತ್ವದ ವರ್ಗಾವಣೆಯನ್ನು ಕೊಂಡವನು 30 ದಿನಗಳೊಳಗೆ ತಿಳಿಸಬೇಕು. ಎನ್‌ಒಸಿಗೆ ನಮೂನೆ 28, ವರ್ಗಾವಣೆಗೆ ನಮೂನೆ 29 ಮತ್ತು 30, ಹೊಸ ನಂಬರಿಗೆ ನಮೂನೆ 27, ಸಾಲವಿದ್ದರೆ ಬ್ಯಾಂಕಿನಿಂದ ನಮೂನೆ 35. ಬಾಕಿ ದಂಡ ಒಂದೂ ಇರಬಾರದು, ಕಳವಿನ ಪಟ್ಟಿಯಲ್ಲಿ ಗಾಡಿ ಇರಬಾರದು. ಇವೆಲ್ಲ ಬೇಕಾದವೇ. ಇವುಗಳ ಮೇಲೆ ನನ್ನ ತಕರಾರಿಲ್ಲ.

ತಕರಾರಿರುವುದು ಕಾನೂನು ಕಚೇರಿಗೆ ಹಾಕಿದ ಗಡುವು ಕೌಂಟರಿನಲ್ಲಿ ಕರಗಿಹೋಗುವ ಬಗ್ಗೆ. ಕಲಂ 48 ಅರ್ಜಿ ಬಂದ 30 ದಿನಗಳೊಳಗೆ ಕೊಡಿ ಅಥವಾ ಕಾರಣ ಬರೆದು ನಿರಾಕರಿಸಿ ಎನ್ನುತ್ತದೆ. ಎರಡೂ ಮಾಡದಿದ್ದರೆ ಎನ್‌ಒಸಿ ಕೊಟ್ಟಂತೆಯೇ ಲೆಕ್ಕ ಎಂದು ಅದೇ ಕಲಮಿನ 4ನೇ ಉಪಕಲಂ ಹೇಳುತ್ತದೆ. ಎಷ್ಟು ಚಂದದ ಕಾನೂನು! ಒಂದು ಕಚೇರಿಯಲ್ಲಿ ನಾನು ಇದನ್ನು ಅಚ್ಚು ಹಾಕಿಸಿ ತೋರಿಸಿದೆ. ಯಾವ ಕಚೇರಿ, ಗಡಿಯ ಈಚೆಯದೋ ಆಚೆಯದೋ ಎಂದು ಹೇಳುವುದಿಲ್ಲ. ಅಲ್ಲಿದ್ದವರೂ ನಮ್ಮಂತೆ ಸಂಬಳಕ್ಕೆ ದುಡಿಯುವವರು. ಅವರು ಓದಿ, ನಕ್ಕು, "ಸರ್, ಇದೆಲ್ಲ ಸರಿ, ಆದರೆ ಕಂಪ್ಯೂಟರ್ ಎನ್‌ಒಸಿ ನಂಬರ್ ಕೇಳುತ್ತದೆ, ಅದನ್ನು ಹಾಕದೆ ಮುಂದಿನ ಪುಟ ತೆರೆಯುವುದಿಲ್ಲ" ಎಂದರು. ಸಂಸತ್ತು ಮಾಡಿದ ಕಾನೂನನ್ನು ಒಂದು ಖಾಲಿ ಚೌಕ ರದ್ದು ಮಾಡಿತ್ತು. ಆಮೇಲೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಸ್ಪಷ್ಟವಿಲ್ಲ ಎಂಬ ಆಕ್ಷೇಪ ಬಂತು. ಉಪ್ಪುಗಾಳಿ ತಿಂದ ತಗಡಿನ ಮೇಲೆ ಪೆನ್ಸಿಲ್ ಎಷ್ಟು ತಿಕ್ಕಿದರೂ ಮೂಡುವುದು ಅಷ್ಟೇ. ಬ್ರೇಕ್ ಇನ್‌ಸ್ಪೆಕ್ಟರು ಬಗ್ಗಿ ಕಣ್ಣಾರೆ ನೋಡಿದ ದಿನ ಅದು ಐದು ನಿಮಿಷದ ಕೆಲಸವಾಯಿತು. ಅಷ್ಟರಲ್ಲಿ ಗೇಟಿನ ಹೊರಗೆ ನಿಲ್ಲುವ ಏಜೆಂಟರು ನನ್ನ ಅರ್ಜಿಯ ಸ್ಥಿತಿಯನ್ನು ನನಗಿಂತ ಚೆನ್ನಾಗಿ ತಿಳಿದಿದ್ದರು.

ಈ ಕಷ್ಟ ತಪ್ಪಿಸಿಕೊಳ್ಳಲು ನಮ್ಮ ಊರುಗಳಲ್ಲಿ ಜನ ಏನು ಮಾಡುತ್ತಾರೆಂದು ತಮಗೆ ವರದಿ ಬಂದಿರಲಾರದು, ನಾನೇ ತಿಳಿಸುತ್ತೇನೆ. ಹಣ ಕೊಡುತ್ತಾರೆ, ಕೀಲಿಕೈ ತರುತ್ತಾರೆ, ನಮೂನೆ 29, 30ಕ್ಕೆ ತಾರೀಕಿಲ್ಲದ ಸಹಿ ಹಾಕಿಸಿಕೊಂಡು ಕಪಾಟಿನಲ್ಲಿಡುತ್ತಾರೆ. ಆರ್‌ಸಿ ಹಳೆಯ ಹೆಸರಿನಲ್ಲೇ ಇರುತ್ತದೆ. ಗಾಡಿ ಅವರ್ಸಾ, ಬೆಲೇಕೇರಿ, ಅಮದಳ್ಳಿಗಳಲ್ಲಿ ಓಡುತ್ತದೆ. ಕಾಗದದಲ್ಲಿ ಅದು ಇನ್ನೂ ಕಾಣಕೋಣದಲ್ಲೋ ಕುಡಚಡೆಯಲ್ಲೋ ಇದೆ. ಹೆಚ್ಚಿನವರು ಕಳ್ಳರಲ್ಲ. ಮೀನು ವ್ಯಾಪಾರಿ, ಶಾಲೆ ಮಾಸ್ತರು, ಪೌರೋಹಿತ್ಯ ಮಾಡುವವರು, ಮದುವೆ ಮಂಟಪದ ಡೆಕೋರೇಷನ್‌ನವರು. ಮುಕ್ಕಾಲು ಲಕ್ಷ ಒಮ್ಮೆಗೇ ಹೊಂದಿಸಲಾಗದೆ "ಮುಂದಿನ ವರ್ಷ ಮಾಡಿಸೋಣ" ಎಂದುಕೊಂಡವರು.

ಅಪಘಾತವಾದ ದಿನ ಇದರ ಬೆಲೆ ತಿಳಿಯುತ್ತದೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಗಾಡಿ ಎಷ್ಟು ಕೈ ಬದಲಾಗಿದ್ದರೂ ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರ ಕೊಡುವ ಹೊಣೆ ಅವನದೇ. ಅಂಕೋಲಾದ ತಿರುವಿನಲ್ಲಿ ಯಾರೋ ಗುದ್ದಿದ್ದಕ್ಕೆ ಮಡಗಾಂವಿನಲ್ಲಿ ಯಾರಿಗೋ ನೋಟಿಸು ಹೋಗುತ್ತದೆ. ವಿಮೆಯನ್ನು ಹೊಸ ಮಾಲೀಕನ ಹೆಸರಿಗೆ ಮಾಡಿಸಲು ಕಲಂ 157ರಂತೆ 14 ದಿನಗಳಲ್ಲಿ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಆರ್‌ಸಿಯೇ ಬದಲಾಗದವನು ಅದನ್ನೇನು ಮಾಡಿಸುತ್ತಾನೆ? ಸ್ವಂತ ಗಾಡಿಯ ನಷ್ಟಕ್ಕೆ ಕ್ಲೇಮು ಹಾಕಿದರೆ ಕಂಪನಿ ಮೊದಲು ಹುಡುಕುವುದೇ ಹೆಸರಿನ ವ್ಯತ್ಯಾಸ. ಮಾನ್ಯರೇ, ದುಬಾರಿ ತೆರಿಗೆಯಿಂದ ಸರ್ಕಾರ ಗಳಿಸುತ್ತಿರುವುದು ಕಟ್ಟುವವರ ಹಣವನ್ನು ಮಾತ್ರ. ಕಟ್ಟದವರನ್ನು ಅದು ದಾಖಲೆಯಿಂದಲೇ ಹೊರಗೆ ಅಟ್ಟುತ್ತಿದೆ.

ಇನ್ನು ರಸ್ತೆಯ ಮೇಲಿನ ತಪಾಸಣೆ. 'ಜಿಎ' ನಂಬರಿನ ಗಾಡಿ ಕಂಡರೆ ಮಾಜಾಳಿಯಲ್ಲಿ ಮೊದಲು ಡಿಕ್ಕಿ ತೆರೆಸುತ್ತಾರೆ. ಅದು ಬಾಟಲಿಗಾಗಿ, ಅಬಕಾರಿಯವರ ಕೆಲಸ ಅವರು ಮಾಡುತ್ತಾರೆ, ಅದಕ್ಕೆ ನಮಗೆ ಅಭ್ಯಾಸವಾಗಿದೆ, ಮನೆಯ ಹಿರಿಯರ ಔಷಧದ ಚೀಲ ತೋರಿಸಿ ಮುಂದೆ ಹೋಗುತ್ತೇವೆ. ನಂತರದ ಪ್ರಶ್ನೆ ಕಠಿಣ: "ಗಾಡಿ ಕರ್ನಾಟಕಕ್ಕೆ ಬಂದು ಎಷ್ಟು ದಿನವಾಯಿತು?" 2014ರಲ್ಲಿ ನಮ್ಮ ರಾಜ್ಯ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರರಾಜ್ಯದ ವಾಹನ 30 ದಿನ ಮೀರಿ ಇಲ್ಲಿದ್ದರೆ ಲೈಫ್ ಟ್ಯಾಕ್ಸ್ ಕಟ್ಟಬೇಕೆಂದಿತು. ಕೇಂದ್ರದ ಕಾಯ್ದೆ 12 ತಿಂಗಳು ಎನ್ನುವಾಗ ಇದು ಹೇಗೆ ಎಂದು ವಾಹನ ಮಾಲೀಕರು ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಆ ತಿದ್ದುಪಡಿಯನ್ನು ರದ್ದು ಮಾಡಿತು. ಆದರೆ ರಸ್ತೆಬದಿಯಲ್ಲಿ ಇಂದಿಗೂ 30 ದಿನದ ಮಾತು ಕೇಳಿಬರುತ್ತದೆ. 12 ತಿಂಗಳು ಆಗಿಲ್ಲವೆಂದು ತೋರಿಸಬೇಕಾದ ಹೊಣೆ ಗಾಡಿ ಓಡಿಸುವವನ ತಲೆಯ ಮೇಲೆ.

ಅದನ್ನು ತೋರಿಸುವುದಾದರೂ ಹೇಗೆ? ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಯೋಚಿಸಬೇಕೆಂದು ಕೋರುತ್ತೇನೆ, ಏಕೆಂದರೆ ಗಡಿಯ ಬದುಕನ್ನು ಕಾನೂನು ಎಲ್ಲಿ ತಪ್ಪಾಗಿ ತಿಳಿದುಕೊಂಡಿದೆ ಎಂಬುದು ಇಲ್ಲಿದೆ. 'ಇಟ್ಟರೆ' ಎನ್ನುತ್ತದೆ ಕಲಂ 47. ಮಾಜಾಳಿಯಲ್ಲಿ ಮನೆಯಿರುವ, ಕಾಣಕೋಣದಲ್ಲಿ ಕೆಲಸವಿರುವ ಒಬ್ಬನ ಕಾರು ಬೆಳಿಗ್ಗೆ ಗೋವಾದಲ್ಲಿ, ರಾತ್ರಿ ಕರ್ನಾಟಕದಲ್ಲಿ ಇರುತ್ತದೆ. ಅವನು ಗಾಡಿಯನ್ನು ಎಲ್ಲಿ ಇಟ್ಟ? ಎಷ್ಟು ತಿಂಗಳು ಎಲ್ಲಿ ಇಟ್ಟ? ದಿನಾ ಗಡಿ ದಾಟುವ ಗಾಡಿಗೆ 12 ತಿಂಗಳು ಯಾವತ್ತು ಶುರುವಾಗಿ ಯಾವತ್ತು ಮುಗಿಯುತ್ತದೆ? ಕರ್ನಾಟಕದ ನಂಬರ್ ಮಾಡಿಸಿದರೆ ಇದೇ ಪ್ರಶ್ನೆಯನ್ನು ಗೋವಾದವರು ಕೇಳಬಹುದು. ವರ್ಗವಾಗಿ ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಗಂಟುಮೂಟೆ ಕಟ್ಟಿ ಹೋಗುವವರನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದ ಕಾನೂನು ಇದು. ಎರಡೂ ಕಡೆ ಬದುಕುವವರು ಅದಕ್ಕೆ ಕಾಣಿಸಲೇ ಇಲ್ಲ.

ಕಾಣಿಸಿದವರಿಗೆ ಅನುಕೂಲ ಮಾಡಿಕೊಟ್ಟಿದ್ದಾರೆ ಎನ್ನುವುದೇ ನನ್ನ ವಾದಕ್ಕೆ ಬಲ. 2021ರ ಸೆಪ್ಟೆಂಬರ್ 15ರಿಂದ ಕೇಂದ್ರ ಸರ್ಕಾರ 'ಬಿಎಚ್' ಸರಣಿಯ ನಂಬರ್ ಜಾರಿಗೆ ತಂದಿತು. ಸೇನೆಯವರು, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯ ನೌಕರರು ಇದನ್ನು ಪಡೆಯಬಹುದು. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು. ರಾಜ್ಯ ಬದಲಾದರೆ ಎನ್‌ಒಸಿ ಇಲ್ಲ, ಹೊಸ ನಂಬರಿಲ್ಲ, ಮರುಪಾವತಿಯ ಅಲೆದಾಟವಿಲ್ಲ. ಖಾಸಗಿ ನೌಕರರಿಗೆ ಇದನ್ನು ಕೊಡಲು ನಮ್ಮ ರಾಜ್ಯ ಹಿಂದೇಟು ಹಾಕಿದಾಗ ಅವರು ಹೈಕೋರ್ಟಿಗೆ ಹೋಗಿ ಗೆದ್ದು ಬಂದರು. ಕಾರವಾರದಲ್ಲಿ ಈ ನಂಬರಿನ ಕಾರುಗಳಿಗೆ ಕೊರತೆಯಿಲ್ಲ. ಅರ್ಗಾದಲ್ಲಿ ನೌಕಾನೆಲೆ ಇದೆ, ಕೈಗಾದಲ್ಲಿ ಅಣುಸ್ಥಾವರ ಇದೆ. ಆ ನೌಕರರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವರಿಗೆ ಅದು ಸಲ್ಲಬೇಕಾದ್ದೇ. ಆದರೆ ಮೂರು ವರ್ಷಕ್ಕೊಮ್ಮೆ ರಾಜ್ಯ ಬದಲಿಸುವವರಿಗೆ ಇರುವ ಸೌಲಭ್ಯ ದಿನಕ್ಕೆರಡು ಸಲ ರಾಜ್ಯ ಬದಲಿಸುವವರಿಗೆ ಏಕಿಲ್ಲ? ನೌಕಾನೆಲೆಗೆ ಮನೆಮಠ ಬಿಟ್ಟುಕೊಟ್ಟವರ ಮಕ್ಕಳಲ್ಲಿ ಎಷ್ಟೋ ಮಂದಿ ಗೋವಾಕ್ಕೆ ದುಡಿಯಲು ಹೋಗುತ್ತಿದ್ದಾರೆ ಎಂಬುದನ್ನೂ ಇಲ್ಲಿ ನೆನಪಿಸುತ್ತೇನೆ.

ಹಿರಿಯರಿಗೆ ಗೋವಾ ಇನ್ನೂ 'ಪರದೇಶ'ವಾಗಿದ್ದ ಕಾಲದ ನೆನಪಿದೆ. 1961ರ ಡಿಸೆಂಬರ್ 19ರವರೆಗೆ ಅದು ಪೋರ್ಚುಗೀಸರದು. ಗಡಿಯಲ್ಲಿ ಕಸ್ಟಮ್ಸ್ ಇತ್ತು. ಐವತ್ತರ ದಶಕದಲ್ಲಿ ಭಾರತ ಆರ್ಥಿಕ ದಿಗ್ಬಂಧನ ಹೇರಿದಾಗ ಕ್ಯಾಸಲ್‌ರಾಕ್ ದಾಟಿ ರೈಲೂ ಹೋಗದಂತಾಯಿತು. ಬಿಣಗಾದ ಎದುರಿಗೆ ಕಣ್ಣಿಗೆ ಕಾಣುವ ಅಂಜದೀವ ನಡುಗಡ್ಡೆ ಅಂದು ಪೋರ್ಚುಗೀಸರ ಕೈಯಲ್ಲಿತ್ತು. ಅದನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಆ ದ್ವೀಪ ಕಾಗದದಲ್ಲಿ ಇವತ್ತಿಗೂ ಗೋವಾಕ್ಕೆ ಸೇರಿದ್ದು. ಆಗಲೂ ರಸ್ತೆಗೆ ತನ್ನದೇ ಬುದ್ಧಿ ಇತ್ತು ಎನ್ನಿ: ಪೋರ್ಚುಗಲ್ ದೇಶ 1928ರಲ್ಲಿ ರಸ್ತೆಯ ಬಲಬದಿಗೆ ಹೊರಳಿದರೂ, ನೆರೆಯ ಭಾರತದೊಂದಿಗೆ ಓಡಾಟವಿದ್ದ ಗೋವಾ ಎಡಬದಿಯಲ್ಲೇ ಉಳಿಯಿತು. ಲಿಸ್ಬನ್ನಿನ ಸರ್ಕಾರಕ್ಕೆ ತಿಳಿದ ವ್ಯವಹಾರ ಜ್ಞಾನ ಇದು. 1961ರ ನಂತರ ಕಸ್ಟಮ್ಸ್ ಹೋಯಿತು, 1987ರಲ್ಲಿ ಗೋವಾ ನಮ್ಮಂತೆಯೇ ಒಂದು ರಾಜ್ಯವಾಯಿತು. ಹಳೆಯ ಕಾರಿನ ಪಾಲಿಗೆ ಮಾತ್ರ ಸುಂಕದ ಕಟ್ಟೆ ಉಳಿದೇ ಇದೆ.

ನಿಜವಾದ ಪರದೇಶದಿಂದ ಹಳೆಯ ಕಾರು ತರುವುದಕ್ಕೆ ನಿಯಮ ಬಿಗಿಯಾಗಿರಲಿ, ಅದು ಸರಿಯೇ. ಮೂರು ವರ್ಷಕ್ಕಿಂತ ಹಳೆಯದು ಬರುವಂತಿಲ್ಲ, ಸ್ಟಿಯರಿಂಗ್ ಬಲಕ್ಕಿರಬೇಕು, ಗೊತ್ತುಪಡಿಸಿದ ಬಂದರಿನಲ್ಲೇ ಇಳಿಯಬೇಕು, ಸುಂಕವಂತೂ ಗಾಡಿಯ ಬೆಲೆಯನ್ನೇ ಮೀರಿಸುತ್ತದೆ. ಹಾಗಿದ್ದೂ 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಇಲಾಖೆ 'ಆಪರೇಷನ್ ನುಮ್ಖೋರ್' ಹೆಸರಿನಲ್ಲಿ ದಾಳಿ ನಡೆಸಿದ್ದನ್ನು ಓದಿದ್ದೇವೆ. ಭೂತಾನಿನ ಹಳೆಯ ದುಬಾರಿ ಗಾಡಿಗಳನ್ನು ಕಳ್ಳದಾರಿಯಲ್ಲಿ ತಂದು, ಸುಳ್ಳು ಕಾಗದ ತೋರಿಸಿ ಇಲ್ಲಿಯ ನಂಬರ್ ಪಡೆದು ಮಾರಿದರೆಂಬುದು ಆರೋಪ. ವಿಚಾರಣೆ ಏನಾಗುತ್ತದೋ ಆಗಲಿ. ಭೂತಾನಿನ ಗಾಡಿಗೆ ಭಾರತದ ಆರ್‌ಸಿ ಹುಟ್ಟಿಕೊಳ್ಳಬಹುದಾದ ವ್ಯವಸ್ಥೆಯಲ್ಲಿ ಕಾಣಕೋಣದ ಗಾಡಿಗೆ ಕಾರವಾರದ ಆರ್‌ಸಿ ಸಿಗಲು ಇಷ್ಟು ಕಷ್ಟವೇಕೆ ಎಂದು ನಮ್ಮ ಓಣಿಯ ಕಟ್ಟೆಯ ಮೇಲೆ ಕೇಳಿದವರಿದ್ದಾರೆ. ನನ್ನಲ್ಲಿ ಉತ್ತರವಿರಲಿಲ್ಲ.

ಪರಿಹಾರ ಕಷ್ಟದ್ದಲ್ಲ. ಲೆಕ್ಕ ಬರೆದೇ ಆಯುಷ್ಯ ಕಳೆದವನ ಮಾತಿದು. 2017ರ ಜುಲೈ 1ರಿಂದ ಜಿಎಸ್‌ಟಿ ಬಂತು. ಮಡಗಾಂವಿನ ವ್ಯಾಪಾರಿ ಕಾರವಾರದ ಅಂಗಡಿಗೆ ಬಿಸ್ಕತ್ತಿನ ಪೆಟ್ಟಿಗೆ ಕಳಿಸಿದರೆ ತೆರಿಗೆಯ ರಾಜ್ಯದ ಪಾಲು ಕರ್ನಾಟಕಕ್ಕೆ ಬರುತ್ತದೆ. ಅದನ್ನು ಎರಡೂ ಸರ್ಕಾರಗಳು ಐಜಿಎಸ್‌ಟಿ ಲೆಕ್ಕದಲ್ಲಿ ತಮ್ಮೊಳಗೇ ಸರಿದೂಗಿಸಿಕೊಳ್ಳುತ್ತವೆ. ಬಿಸ್ಕತ್ತು ತಿಂದವನು ಪಣಜಿಗೆ ಹೋಗಿ ಮರುಪಾವತಿ ಅರ್ಜಿ ಹಾಕುವುದಿಲ್ಲ. ಹಳೆಯ ಕಾರಿನ ವ್ಯಾಪಾರಿಗಳ ಲಾಭದ ಮೇಲೆ ಶೇ 18 ಜಿಎಸ್‌ಟಿ ಎಂದು 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ ಸಭೆಯಲ್ಲಿ ರಾಜ್ಯಗಳೆಲ್ಲ ಕೂತು ತೀರ್ಮಾನಿಸಲು ಸಾಧ್ಯವಾಯಿತು. ವಸೂಲಿಗೆ ಒಟ್ಟಾಗಿ ಕೂರುವವರು ವಾಪಸಾತಿಗೂ ಒಮ್ಮೆ ಕೂರಬಹುದು. ದೇಶದ ಹೆಚ್ಚಿನ ಕಚೇರಿಗಳು ಈಗ 'ವಾಹನ್' ಎಂಬ ಒಂದೇ ಕಂಪ್ಯೂಟರ್ ವ್ಯವಸ್ಥೆಯಲ್ಲಿವೆ. ಯಾವ ಗಾಡಿಗೆ ಯಾವಾಗ ಎಷ್ಟು ತೆರಿಗೆ ಕಟ್ಟಿದೆ ಎಂಬುದು ಅದರಲ್ಲೇ ಇದೆ.

ಕಾನೂನಿನ ಅಧಿಕಾರ ಇಲ್ಲವೆಂದು ಯಾರೂ ಹೇಳುವಂತಿಲ್ಲ. ವಾಹನದ ಮೇಲೆ ತೆರಿಗೆ ಹಾಕುವುದು ಸಂವಿಧಾನದ ರಾಜ್ಯಪಟ್ಟಿಯ 57ನೇ ವಿಷಯ, ನಿಜ. ಆದರೆ ಆ ತೆರಿಗೆ ಯಾವ ತತ್ವದ ಮೇಲೆ ಇರಬೇಕೆಂಬುದು ಸಮವರ್ತಿ ಪಟ್ಟಿಯ 35ನೇ ವಿಷಯ, ಅಂದರೆ ಕೇಂದ್ರವೂ ಕೈಹಾಕಬಹುದಾದದ್ದು. ಬೆಂಗಳೂರಿನವರನ್ನು ಕೇಳಿದರೆ ದಿಲ್ಲಿ, ದಿಲ್ಲಿಯವರನ್ನು ಕೇಳಿದರೆ ಬೆಂಗಳೂರು ಎಂದು ತೋರಿಸುವ ಬದಲು, ದಿಲ್ಲಿಗೆ ಬರೆಯಬೇಕಾದ್ದನ್ನು ದಯವಿಟ್ಟು ನೀವೇ ಬರೆಯಿರಿ. ತಲಪಾಡಿಯಲ್ಲಿ ಕಾಸರಗೋಡಿನ 'ಕೆಎಲ್ 14' ಗಾಡಿಯವರು, ನಿಪ್ಪಾಣಿಯಲ್ಲಿ ಕೊಲ್ಹಾಪುರದವರು, ಅತ್ತಿಬೆಲೆಯಲ್ಲಿ ಹೊಸೂರಿನವರು, ಬಳ್ಳಾರಿಯಲ್ಲಿ ರಾಯದುರ್ಗದವರು ಇದನ್ನೇ ಕೇಳುವವರು.

ಆದ್ದರಿಂದ ಕೋರಿಕೆ. ಗೋವಾದಲ್ಲಿ ಕಟ್ಟಿದ ತೆರಿಗೆಯ ಉಳಿದ ಅವಧಿಯ ಪಾಲನ್ನು ಇಲ್ಲಿ ಕಟ್ಟಬೇಕಾದ ಮೊತ್ತದಲ್ಲಿ ಕಳೆದು, ವ್ಯತ್ಯಾಸವನ್ನಷ್ಟೇ ನಮ್ಮಿಂದ ಪಡೆಯಿರಿ. ಕಳೆದದ್ದನ್ನು ಗೋವಾ ಸರ್ಕಾರದಿಂದ ನೀವು ವಸೂಲು ಮಾಡಿ. ಸರ್ಕಾರ ಸರ್ಕಾರವನ್ನು ಕೇಳಿದರೆ ಕೊಡುತ್ತದೆ, ಹಬ್ಬುವಾಡದ ಮುದುಕ ಕೇಳಿದರೆ ಟಪಾಲಿನ ರಸೀದಿ ಕೊಡುತ್ತದೆ. ಇದಕ್ಕೆ ಸಮಯ ಹಿಡಿಯುವುದಾದರೆ ಅಲ್ಲಿಯತನಕ ಮರುಪಾವತಿಗೊಂದು ಗಡುವು ಹಾಕಿ. ಸಕಾಲ ಕಾಯ್ದೆಯಲ್ಲಿ ತಡವಾದ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೊಡುವ ಏರ್ಪಾಡಿದೆ, ಇದಕ್ಕೂ ಅದು ಅನ್ವಯಿಸಲಿ. ಹಳೆಯ ಕಾರಿಗೆ ತೆರಿಗೆ ಹಾಕುವಾಗ ವಿಮೆಯವರು ಒಪ್ಪುವ ಇಂದಿನ ಬೆಲೆಯನ್ನು ಆಧಾರ ಮಾಡಿ. ವಿಮಾ ಪಾಲಿಸಿಯ ಮೇಲೆಯೇ ಅದು ಅಚ್ಚಾಗಿರುತ್ತದೆ, ಹೊಸದಾಗಿ ಏನನ್ನೂ ಲೆಕ್ಕ ಹಾಕಬೇಕಿಲ್ಲ. 12 ತಿಂಗಳ ಪುರಾವೆಗೆ ಯಾವ ಕಾಗದ ಸಾಕೆಂದು ಒಂದು ಸುತ್ತೋಲೆ ಹೊರಡಿಸಿ. ಫಾಸ್ಟ್ಯಾಗ್ ದಾಖಲೆ, ಗೋವಾದ ಕೆಲಸದ ಗುರುತಿನ ಚೀಟಿ ಇವುಗಳನ್ನು ಒಪ್ಪಿಕೊಳ್ಳಿ, ಆ ಸುತ್ತೋಲೆಯ ಪ್ರತಿ ಮಾಜಾಳಿ ಠಾಣೆಯ ಗೋಡೆಯ ಮೇಲೆ ಕನ್ನಡ ಮತ್ತು ಕೊಂಕಣಿಯಲ್ಲಿ ಇರಲಿ. ಗಡಿ ತಾಲ್ಲೂಕುಗಳ ನಿವಾಸಿಗಳಿಗೂ ಬಿಎಚ್ ಸರಣಿ ತೆರೆಯಬೇಕೆಂದು ಕೇಂದ್ರಕ್ಕೆ ಶಿಫಾರಸು ಮಾಡಿ.

ಮುಖ್ಯವಾದದ್ದು ಇನ್ನೊಂದು ಉಂಟು. ಹಳೆಯ ಹೆಸರಿನಲ್ಲೇ ಗಾಡಿ ಓಡಿಸುತ್ತಿರುವವರಿಗೆ ಒಂದು ಅವಕಾಶ ಕೊಡಿ. ಟ್ರಾಫಿಕ್ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ಕಟ್ಟಿದ್ದನ್ನು 2023ರಲ್ಲಿ ತಾವೇ ನೋಡಿದ್ದೀರಿ. ಹಾಗೆಯೇ ಒಂದಿಷ್ಟು ತಿಂಗಳು ದಂಡವಿಲ್ಲದೆ, ತೆರಿಗೆ ಕಂತಿನಲ್ಲಿ ಕಟ್ಟುವ ಸೌಲಭ್ಯದೊಂದಿಗೆ ಹೆಸರು ಬದಲಾಯಿಸಿಕೊಳ್ಳಲು ಬಿಡಿ. ವಾರಕ್ಕೊಂದು ದಿನ ಎರಡೂ ರಾಜ್ಯದ ಸಿಬ್ಬಂದಿ ಸದಾಶಿವಗಡದಲ್ಲೋ ಪೋಳೆಂನಲ್ಲೋ ಒಂದೇ ಮೇಜಿಗೆ ಕೂತರೆ ಎನ್‌ಒಸಿ, ಪೆನ್ಸಿಲ್ ಪ್ರಿಂಟ್, ತೆರಿಗೆ ಎಲ್ಲ ಒಂದೇ ಕಡೆ ಮುಗಿಯುತ್ತದೆ. ರವಿವಾರ ಮಾತ್ರ ಬೇಡ, ಅಂದು ಕಾರವಾರದಲ್ಲಿ ಸಂತೆ.

ಈ ಪತ್ರ ಓದುವ ನನ್ನ ಊರಿನವರಿಗೂ ಎರಡು ಮಾತು. ಸರ್ಕಾರ ಬದಲಾಗುವವರೆಗೆ ಕಾಯಬೇಡಿ. ಗೋವಾದಲ್ಲಿ ಗಾಡಿ ನೋಡಲು ಹೋದಾಗ ಆರ್‌ಸಿಯಲ್ಲಿ ವಾಹನದ ವರ್ಗ ಏನಿದೆ ನೋಡಿ. ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟ, ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಗಾಡಿಗಳು ಬಣ್ಣ ಬದಲಿಸಿ ಮಾರಾಟಕ್ಕೆ ಬರುತ್ತವೆ, ಅವನ್ನು ಸ್ವಂತ ಬಳಕೆಗೆ ಪರಿವರ್ತಿಸಿದ ದಾಖಲೆ ಇಲ್ಲದೆ ಮುಂಗಡ ಕೊಡಬೇಡಿ. ಜಾಕಿ ಏರಿಸಿ ಅಡಿಭಾಗದ ತುಕ್ಕು ನೋಡಿ, ಚಾಸಿ ನಂಬರ್ ಓದಲು ಬರುತ್ತದೋ ಅಲ್ಲೇ ಪರೀಕ್ಷಿಸಿ. ಎನ್‌ಒಸಿ ಮತ್ತು ಸಾಲ ತೀರಿದ ನಮೂನೆ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ, ಮಾರುವವನು ಸ್ವಂತ ಭಾವನೇ ಆಗಿದ್ದರೂ. ಮರುಪಾವತಿ ಅರ್ಜಿಗೆ ಬೇಕಾದ ಸಹಿಗಳನ್ನು ಹಣ ಕೊಡುವ ದಿನವೇ ಹಾಕಿಸಿಕೊಳ್ಳಿ. ವಿಮೆಯ 14 ದಿನ ಮರೆಯಬೇಡಿ.

ಸಚಿವರೇ, 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಗೋವಾ ಕಡೆಯಿಂದ ಬರುತ್ತಿದ್ದ ಲಾರಿ ನದಿಗೆ ಬಿತ್ತು. ಅಂದಿನಿಂದ ನಾವು ಪಕ್ಕದ ಹೊಸ ಸೇತುವೆಯೊಂದರಲ್ಲೇ ಹೋಗುತ್ತ ಬರುತ್ತ ಇದ್ದೇವೆ. ಲೈಫ್ ಟ್ಯಾಕ್ಸ್ ಕಟ್ಟಿದವರೂ, ಕಟ್ಟದವರೂ, ಎರಡು ಸಲ ಕಟ್ಟಿದವರೂ ಅದೇ ಸೇತುವೆಯಲ್ಲಿ. ತೆರಿಗೆ ಕೊಡುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಒಂದು ಕಾರಿಗೆ, ಒಂದು ಅವಧಿಗೆ, ಒಂದು ಸಲ ತೆಗೆದುಕೊಳ್ಳಿ ಎನ್ನುತ್ತಿದ್ದೇವೆ. ಇದಕ್ಕೆ ಒಪ್ಪಿಗೆಯೋ ಇಲ್ಲವೋ, ಇಲ್ಲವಾದರೆ ಯಾವ ಕಾರಣಕ್ಕೆ ಎಂದು ವಿಧಾನಮಂಡಲದ ಮುಂದಿನ ಅಧಿವೇಶನದೊಳಗೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹಬ್ಬುವಾಡದ ಒಬ್ಬ ತೆರಿಗೆದಾರ
ಕಾರವಾರ, ಉತ್ತರ ಕನ್ನಡ